ಸಣ್ಣಸ್ವಾಮಿ ಮಾಡಿದ ಬಿಳೀ ಅಡುಗೆ

ಅಡುಗೆ ಸಣ್ಣಸ್ವಾಮಿಯ ವಿಷಯ ನಾಲ್ಕು ಜನಕ್ಕೆ ಗೊತ್ತಾಗಬೇಕು. ಮೂವತ್ತೊಂದು ವರ್ಷ ಕೊಡಗಿನ ಮದುವೆಮನೆಗಳಲ್ಲಿ ಖಾರ ಬಡಿಸಿಕೊಂಡು ಬಂದ ಮನುಷ್ಯ, ಐವತ್ತೆಂಟನೇ ವಯಸ್ಸಿನಲ್ಲಿ ಖಾರವೇ ಇಲ್ಲದ ಒಂದು ಅಡುಗೆ ಕಲಿತ. ಹೆಂಡತಿಯ ಬಾಯಿಗೋಸ್ಕರ ಕಲಿತ. ಅದೂ ಒಂದೇ ಸಂಜೆಯಲ್ಲಿ. ಅದಕ್ಕೇ ಇದನ್ನು ಬರೆದದ್ದು.

ಸುಂಟಿಕೊಪ್ಪದ ಬಸ್ ಸ್ಟ್ಯಾಂಡಿನಿಂದ ಒಂದೂವರೆ ಮೈಲಿ ಒಳಗೆ ಅವನ ಮನೆ. ಕಾಫಿ ಎಸ್ಟೇಟಿನ ಗೇಟು ದಾಟಿ ಹೋಗಬೇಕು. ಅಪ್ಪ ಅರಕಲಗೂಡು ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವನು. ಸಣ್ಣಸ್ವಾಮಿ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಡುಗೆಯವರ ಹಿಂದೆ ಸೌದೆ ಹೊತ್ತ. ಆಮೇಲೆ ಅವನೇ ಸೌಟು ಹಿಡಿದ. ಹಂದಿ ಕರಿಗೆ ಅವನೇ ಬೇಕು ಅಂತ ಪೊನ್ನಂಪೇಟೆಯಿಂದ ಜೀಪು ಕಳಿಸುತ್ತಿದ್ದರು.

ಅವನದೊಂದು ಪದ್ಧತಿ. ಒಲೆ ಮುಂದೆ ನಿಂತಾಗ ಅವನು ರುಚಿ ನೋಡುವುದಿಲ್ಲ. ಅರ್ಧ ದಿನ ಹೊಗೆಯಲ್ಲಿ ಬೆಂದ ನಾಲಿಗೆಗೆ ಉಪ್ಪು ಹುಳಿ ತಿಳಿಯುವುದಿಲ್ಲ ಅಂತ ಕಲಿಸಿದವರು ಹೇಳಿಕೊಟ್ಟಿದ್ದರು. ಅದಕ್ಕೆ ಹೆಂಡತಿ ರಂಗಮ್ಮ ಇದ್ದಳು. ಪ್ರತಿ ಮದುವೆಗೂ ಜೊತೆಗೆ ಹೋಗಿ, ಒಲೆಯಿಂದ ದೂರ, ಈರುಳ್ಳಿ ಹೆಚ್ಚುವವರ ಹತ್ತಿರ ಕೂರುತ್ತಿದ್ದಳು. ಅವನು ಬಾಳೆಲೆ ಚೂರಿನ ಮೇಲೆ ಒಂದು ತೊಟ್ಟು ಹಾಕಿ ಕಳಿಸುತ್ತಿದ್ದ. ಅವಳು ನೆಕ್ಕಿ, "ಉಪ್ಪು ಒಂದ್ ಹಿಡಿ ಹಾಕು" ಅಂತಲೋ "ಹುಳಿ ಸಾಕು, ಇಳ್ಸು" ಅಂತಲೋ ಕೂಗುತ್ತಿದ್ದಳು. ಅವಳು ಹೇಳದೆ ಒಂದು ಕೊಪ್ಪರಿಗೆಯೂ ಕೆಳಗಿಳಿದದ್ದಿಲ್ಲ.

ಆ ಬಾಯಿಗೇ ಕಾಯಿಲೆ ಬಂತು. ಕೆನ್ನೆಯ ಒಳಗಡೆ ಗಡ್ಡೆ. ಮೈಸೂರಿನ ಆಸ್ಪತ್ರೆಯಲ್ಲಿ ಮೂವತ್ತು ದಿನ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ಗಡ್ಡೆ ಕರಗಿತು, ಬಾಯಿ ಪೂರ್ತಿ ಹುಣ್ಣಾಯಿತು. ರುಚಿ ಹೋಯಿತು, ವಾಸನೆ ಹೋಯಿತು. ಗಂಜಿ ಕೊಟ್ಟರೆ ಎರಡು ಚಮಚ, ರಾಗಿ ಅಂಬಲಿ ಕೊಟ್ಟರೆ ಒಂದು. ಆಮೇಲೆ ಮುಖ ಗೋಡೆ ಕಡೆಗೆ.

ಒಂದು ಗುರುವಾರ ತೂಕ ಹಾಕಿದಾಗ ನಲವತ್ತು ಕಿಲೋ. "ಮುಂದಿನ ಗುರುವಾರ ಇದಕ್ಕಿಂತ ಇಳಿದಿದ್ರೆ ಮೂಗಿನಿಂದ ಹೊಟ್ಟೆಗೆ ಪೈಪು ಹಾಕ್ಬೇಕಾಗುತ್ತೆ" ಅಂದರು ಡಾಕ್ಟರು. ಬಸ್ಸಿನಲ್ಲಿ ಬರುವಾಗ ಕುಶಾಲನಗರ ದಾಟಿದ ಮೇಲೆ ರಂಗಮ್ಮ ಹೇಳಿದಳು: "ಪೈಪ್ ಹಾಕ್ಸೋದಾದ್ರೆ ನನ್ನ ಕರ್ಕೊಂಡ್ ಹೋಗ್ಬ್ಯಾಡ. ಮನೇಲೇ ಬುಟ್ಬುಡು."

ಅವತ್ತಿನಿಂದ ಸಣ್ಣಸ್ವಾಮಿಯ ಕಾಲು ಒಂದು ಕಡೆ ನಿಲ್ಲಲಿಲ್ಲ. ಒಳಗೆ ಹೋಗುತ್ತಾನೆ, ಹಿತ್ತಲಿಗೆ ಬರುತ್ತಾನೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾನೆ. ಎರಡು ಮದುವೆ ಬಂದವು, ಬೇಡ ಅಂದ.

ಸೋಮವಾರ ಸಂಜೆ ನಾಲ್ಕು ಗಂಟೆಗೆ ರಂಗಮ್ಮ ಮಲಗಿದ್ದಲ್ಲಿಂದಲೇ ಕರೆದಳು.

"ಅವತ್ತು ಬಂಗ್ಲೇಲಿ ಕೊಟ್ಟಿದ್ರಲ್ಲ, ಆ ಬಿಳೀದು. ಅದು ತಿನ್ನಂಗಾಗೈತೆ."

ಕರೆಂಟು ಮುಗಿಸಿ ಮನೆಗೆ ಬಂದ ಹತ್ತೊಂಬತ್ತು ದಿನದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಯಾವುದು ಅಂತ ಅವನಿಗೆ ತಕ್ಷಣ ಗೊತ್ತಾಯಿತು. ಇಪ್ಪತ್ತು ವರ್ಷದ ಹಿಂದೆ ಎಸ್ಟೇಟ್ ಬಂಗಲೆಯಲ್ಲಿ ಮದುವೆ. ಹೊರಗಡೆ ಒಲೆ ಇವನದು, ಒಳಗಡೆ ಅಡುಗೆಮನೆ ಬಟ್ಲರ್ ಚಿನ್ನನದು. ಹಾಲು, ಬೆಣ್ಣೆ, ತರಕಾರಿ, ಆಲೂಗೆಡ್ಡೆ ಹಾಕಿ ಬೇಯಿಸಿದ್ದನ್ನು ಚಿನ್ನ ಒಂದು ಪ್ಲೇಟು ಹಿಂದಿನ ಬಾಗಿಲಿಂದ ಕೊಟ್ಟಿದ್ದ. ರಂಗಮ್ಮ ಪ್ಲೇಟು ಬಳಿದು ತಿಂದಿದ್ದಳು. ಸಣ್ಣಸ್ವಾಮಿ ಮುಟ್ಟಿರಲಿಲ್ಲ.

ಚಿನ್ನ ಈಗ ಕೆಲಸ ಬಿಟ್ಟು ಎಸ್ಟೇಟಿನ ಕೂಲಿ ಲೈನಿನಲ್ಲಿ ಮಗಳ ಜೊತೆ ಇದ್ದಾನೆ. ಎಂಬತ್ತರ ಹತ್ತಿರ ವಯಸ್ಸು. ಸಣ್ಣಸ್ವಾಮಿ ಫೋನು ಹಚ್ಚಿದ.

"ಯಾರು, ಸ್ವಾಮಿಯಾ? ಯಾರ ಮದುವೆಯಪ್ಪಾ?"

"ಮದ್ವೆ ಅಲ್ಲ ಚಿನ್ನಣ್ಣ. ನೀವು ಬಂಗ್ಲೇಲಿ ಮಾಡ್ತಿದ್ರಲ್ಲ, ತರಕಾರಿ ಆಲೂಗೆಡ್ಡೆದು, ಬಿಳೀದು. ಅದು ಹೆಂಗೆ ಮಾಡೋದು?"

ಆ ಕಡೆಯಿಂದ ಕೆಮ್ಮು ಬರುವಷ್ಟು ನಗು. "ಅಯ್ಯಯ್ಯೋ, ಹಂದಿ ಸ್ವಾಮಿ ತರಕಾರಿಗೆ ಇಳಿದ್ಬಿಟ್ನಾ! ಅವತ್ತು ಪ್ಲೇಟ್ ನೋಡಿ ಏನಂದೆ ನೀನು? ಗೋಡೆಗೆ ಹೊಡೆಯೋ ಸುಣ್ಣ ಅಂದೆ. ನಾನು ಮರ್ತಿಲ್ಲ."

"ಅಂದಿದ್ದೆ. ತಪ್ಪಾಯ್ತು. ಈಗ ಹೇಳಿ."

"ಎಷ್ಟು ಜನಕ್ಕೆ?"

"ಒಬ್ರಿಗೆ."

"ರಂಗಮ್ಮನಿಗಾ?"

"ಹೂಂ."

ಆಮೇಲೆ ಚಿನ್ನ ನಗಲಿಲ್ಲ. ನಿಧಾನಕ್ಕೆ, ಮಕ್ಕಳಿಗೆ ಹೇಳಿದ ಹಾಗೆ ಹೇಳಿದ. "ಕ್ಯಾರೆಟ್, ಬೀನ್ಸ್, ಹೂಕೋಸು, ಆಲೂಗೆಡ್ಡೆ. ಬೆರಳಲ್ಲಿ ಮುಟ್ಟಿದ್ರೆ ನುಜ್ಜಾಗ್ಬೇಕು, ಹಂಗೆ ಬೇಯ್ಸು. ಬೇರೆ ಪಾತ್ರೇಲಿ ಬೆಣ್ಣೆಗೆ ಮೈದಾ ಹಾಕಿ ಹುರಿ. ಕೆಂಪಾಗ್ಬಾರ್ದು. ಹಾಲು ಸ್ವಲ್ಪ ಸ್ವಲ್ಪ ಬಿಡು, ಕೈ ನಿಲ್ಲಿಸ್ಬೇಡ. ಗಟ್ಟಿ ಬಂದ ಮೇಲೆ ತರಕಾರಿ ಮೇಲೆ ಸುರಿ, ಆಲೂಗೆಡ್ಡೆ ಬಿಲ್ಲೆ ಜೋಡಿಸು, ಓವನ್ನಿಗೆ ಇಡು. ನಿಂಗೆ ಓವನ್ ಎಲ್ಲಿ?"

"ತುಪ್ಪದನ್ನಕ್ಕೆ ದಮ್ ಹಾಕಲ್ವಾ? ಹಂಗೆ ಮುಚ್ಚಳದ ಮ್ಯಾಲೆ ಕೆಂಡ ಸುರೀತೀನಿ."

"ಆಗ್ತದೆ. ಮೆಣಸು ಬೇಡ. ಖಾರ ಬೇಡ. ಹುಳಿ ಹತ್ರಕ್ಕೂ ತರ್ಬೇಡ. ನಿನ್ನ ಬಲಗೈ ಕಟ್ಟಿ ಹಾಕು ಸ್ವಾಮಿ. ಅದು ನಿನ್ನ ಮಾತು ಕೇಳಲ್ಲ."

ಸಣ್ಣಸ್ವಾಮಿ ಪೇಟೆಗೆ ಓಡಿದಂತೆ ಹೋಗಿ ತರಕಾರಿ, ಬೆಣ್ಣೆ, ಮೈದಾ, ಅರ್ಧ ಲೀಟರ್ ಹಾಲು ತಂದ. ಆರು ಗಂಟೆಗೆ ಹಿತ್ತಲಿನ ಒಲೆಗೆ ಕಾಫಿ ಸೌದೆ ಹಚ್ಚಿದ. ಮೊದಲ ಕಷ್ಟ ಪಾತ್ರೆಯದೇ. ಅವನ ಹತ್ತಿರ ಇದ್ದ ಸಣ್ಣ ಪಾತ್ರೆಯಲ್ಲೂ ಇಪ್ಪತ್ತು ಜನರ ಸಾರು ಹಿಡಿಸುತ್ತಿತ್ತು. ಕೊನೆಗೆ ರಂಗಮ್ಮ ಹಾಲು ಕಾಯಿಸುವ ಪಾತ್ರೆಯನ್ನೇ ತೆಗೆದ. ಮೈದಾ ಒಂದು ಹಿಡಿ ತೆಗೆದು, ಜಾಸ್ತಿ ಅನ್ನಿಸಿ ಅರ್ಧ ವಾಪಸ್ ಹಾಕಿ, ಮತ್ತೆ ಅರ್ಧ ಹಾಕಿದ. ಮುನ್ನೂರು ಜನಕ್ಕೆ ಕಣ್ಣಳತೆಯಲ್ಲೇ ಹಾಕುವವನಿಗೆ ಒಬ್ಬಳ ಅಳತೆ ಕೈಗೆ ಸಿಗಲಿಲ್ಲ.

ತರಕಾರಿ ಬೆಂದು ಪಕ್ಕಕ್ಕೆ ಬಂತು. ಹಾಲು ಮೈದಾ ಸೇರಿ ದಪ್ಪಗಾಗುತ್ತಾ ಬಂತು. ಗಂಟಿಲ್ಲ. ನೊರೆ ಹಾಗೆ ಬಿಳಿ. ಅವನಿಗೆ ತಡೆಯಲಾಗಲಿಲ್ಲ. ಒಳಗೆ ತಲೆ ಹಾಕಿ ಕೂಗಿಬಿಟ್ಟ:

"ರಂಗಿ, ಔಷ್ದಿ ಹಾಕ್ಕೊ. ಆಗೋಯ್ತು!"

ಅದು ಬಾಯಿ ಮರಗಟ್ಟಿಸುವ ಔಷಧಿ. ಜೇನಿನ ಹಾಗೆ ಮಂದ. ಬಾಯಲ್ಲಿಟ್ಟು ಮುಕ್ಕಳಿಸಿದರೆ ಅರ್ಧ ಗಂಟೆ ನೋವು ಗೊತ್ತಾಗುವುದಿಲ್ಲ. ಅಷ್ಟರಲ್ಲಿ ತಿಂದರೆ ತಿಂದಳು. ಮತ್ತೆ ಹಾಕಬೇಕಾದರೆ ನಾಲ್ಕು ಗಂಟೆ ಕಾಯಬೇಕು.

ಒಳಗೆ ಅವಳು ಮುಕ್ಕಳಿಸಿ ಉಗಿದದ್ದು ಕೇಳಿಸಿತು. ಸಣ್ಣಸ್ವಾಮಿ ಒಲೆಗೆ ತಿರುಗಿದ. ಸೌಟು ಒಂದು ಸುತ್ತು ಆಡಿಸಿದ. ಇನ್ನು ಇಳಿಸಬೇಕು. ಇಳಿಸುವ ಮುಂಚೆ ಮೂವತ್ತೊಂದು ವರ್ಷದಿಂದ ಅವನು ಏನು ಮಾಡುತ್ತಿದ್ದನೋ, ಕೈ ಅದನ್ನೇ ಮಾಡಿತು. ಎಡಗಡೆ ಗೋಡೆಯ ಗೂಡಿಗೆ ಹೋಯಿತು, ಬಾಟಲಿ ತೆಗೆಯಿತು, ಸುರಿಯಿತು.

ಕಾಚಂಪುಳಿ. ಹಂದಿ ಕರಿಗೆ ಕೊನೆಯಲ್ಲಿ ಹಾಕುವ ಕಪ್ಪು ಹುಳಿ.

ಬಿಳಿಯ ಮೇಲೆ ಕಪ್ಪು ಗೆರೆ ಹರಿದದ್ದು ಕಂಡಾಗ ಅವನಿಗೆ ಎಚ್ಚರವಾಯಿತು. ಅಷ್ಟರಲ್ಲಿ ಹಾಲು ಒಡೆದು ನೀರು ಬೇರೆ, ಗಟ್ಟಿ ಬೇರೆ ಆಗಿತ್ತು. ಬರೀ ಒಡೆದಿದ್ದರೆ ಹೇಗೋ ಆಗುತ್ತಿತ್ತು. ಆ ಹುಳಿ ಹುಣ್ಣಿಗೆ ತಾಗಿದರೆ ಅವಳು ಇನ್ನು ಒಂದು ವಾರ ಬಾಯಿ ತೆರೆಯುವುದಿಲ್ಲ. ಗುರುವಾರಕ್ಕೆ ಮಧ್ಯೆ ಎರಡೇ ದಿನ.

ಗಡಿಯಾರದಲ್ಲಿ ಏಳು ಹತ್ತು. ಮನೆಯಲ್ಲಿ ಇನ್ನೊಂದು ತೊಟ್ಟು ಹಾಲಿಲ್ಲ. ಪೇಟೆಗೆ ಹೋಗಿ ಬರುವಷ್ಟರಲ್ಲಿ ಔಷಧಿ ಇಳಿದುಹೋಗುತ್ತದೆ. ಅವನು ಅಂಗಳಕ್ಕೆ ಓಡಿದ, ವಾಪಸ್ ಬಂದ, ಮತ್ತೆ ಬಾಗಿಲಿಗೆ ಹೋದ. ಆ ಓಡಾಟದಲ್ಲಿ ಮೂಲೆಯಲ್ಲಿದ್ದ ತೆಂಗಿನಕಾಯಿ ರಾಶಿ ಕಾಲಿಗೆ ತಗುಲಿತು.

ಕಾಯಿ ಒಡೆದ. ತುರಿಮಣೆಯ ಮೇಲೆ ಕೂತ. ಮದುವೆಮನೆಯಲ್ಲಿ ನೂರು ಕಾಯಿ ತುರಿದ ಕೈ ಅದು, ಎರಡು ಕಾಯಿಗೆ ಎಷ್ಟು ಹೊತ್ತು? ಬಿಸಿನೀರು ಚಿಮುಕಿಸಿ ಒಗೆದ ಪಂಚೆಯ ತುದಿಯಲ್ಲಿ ಹಿಂಡಿದ. ಮೊದಲ ಹಾಲು ಮಾತ್ರ, ಗಟ್ಟಿಯದು. ಬೇರೆ ಪಾತ್ರೆ, ಬೇರೆ ಸೌಟು. ಬೆಣ್ಣೆ, ಮೈದಾ, ಕಾಯಿಹಾಲು, ನಾಲ್ಕು ಕಲ್ಲು ಉಪ್ಪು. ಕುದಿ ಬರಲು ಬಿಡಲಿಲ್ಲ. ಬಾಟಲಿಯನ್ನು ತೆಗೆದು ಹಿತ್ತಲಿನ ಗೋಡೆಯ ಆಚೆ ಇಟ್ಟು ಬಂದಿದ್ದ.

ಬೆಂದ ತರಕಾರಿಯ ಮೇಲೆ ಸುರಿದು, ಆಲೂಗೆಡ್ಡೆ ಬಿಲ್ಲೆ ಮುಚ್ಚಿ, ಮುಚ್ಚಳದ ಮೇಲೆ ಕೆಂಡ ಹಾಕಿದ. ಐದು ನಿಮಿಷ. ಅದಕ್ಕಿಂತ ಹೆಚ್ಚು ಕೊಡಲು ಅವನ ಹತ್ತಿರ ಹೊತ್ತಿರಲಿಲ್ಲ.

ಮುಚ್ಚಳ ತೆಗೆದಾಗ ಅಂಚು ಹೊಂಬಣ್ಣಕ್ಕೆ ಬಂದಿತ್ತು. ಚಮಚದಲ್ಲಿ ತೆಗೆದು ತಟ್ಟೆಗೆ ಹಾಕಲು ಹೋದವನು ನಿಂತ. ಕಾಚಂಪುಳಿ ಎಲ್ಲಾದರೂ ತಾಗಿದೆಯೋ ಏನೋ. ಯಾರಿಗೆ ಕೊಟ್ಟು ಕೇಳುವುದು? ಹೇಳುವವಳು ಒಳಗೆ ಮರಗಟ್ಟಿದ ಬಾಯಿ ಇಟ್ಟುಕೊಂಡು ಮಲಗಿದ್ದಾಳೆ.

ಸಣ್ಣಸ್ವಾಮಿ ಬಕೆಟ್ಟಿನ ನೀರು ತೆಗೆದು ಮೂರು ಸಲ ಬಾಯಿ ಮುಕ್ಕಳಿಸಿದ. ಒಲೆಯಿಂದ ದೂರ, ಸೀಬೆ ಗಿಡದ ಹತ್ತಿರ ಹೋಗಿ ನಿಂತು, ತಾನು ಮಾಡಿದ ಅಡುಗೆಯನ್ನು ತಾನೇ ಬಾಯಿಗೆ ಹಾಕಿಕೊಂಡ. ಹುಳಿ ಇರಲಿಲ್ಲ.

ರಂಗಮ್ಮ ದಿಂಬಿಗೆ ಒರಗಿ ಕೂತಿದ್ದಳು. "ಇನ್ನೂ ಜುಂ ಅಂತೈತೆ ಬಾಯಿ. ತತ್ತಾ ಬೇಗ."

ಒಂದು ಚಮಚ ಒಳಗೆ ಹೋಯಿತು. ಅವಳು ಕಣ್ಣು ಮುಚ್ಚಿ ನುಂಗಿದಳು. ಎರಡು. ಮೂರು. ಮುಖ ಗೋಡೆ ಕಡೆ ತಿರುಗಲಿಲ್ಲ. ಸಣ್ಣಸ್ವಾಮಿ ಬಾಗಿಲಿಗೆ ಹೋದ, ಬಂದ, ಫ್ಯಾನು ಆರಿಸಿದ, ಮತ್ತೆ ಹಾಕಿದ.

"ಕುತ್ಕೊಳ್ಳೋ ಮಾರಾಯ. ಪಂಕ್ತಿ ಕೂತಿಲ್ಲ ಇಲ್ಲಿ. ನಾನೊಬ್ಳೇ ಇರೋದು."

ಕೂತ. ತಟ್ಟೆ ಅರ್ಧ ಖಾಲಿಯಾದ ಮೇಲೆ ಅವಳೇ ಕೇಳಿದಳು. "ಒಡೆದೋದ ಹಾಲು ಏನ್ ಮಾಡ್ದೆ?"

"ಯಾವ ಹಾಲು?"

"ಕಾಚಂಪುಳಿ ಸುರ್ದಲ್ಲ, ಅದು."

ಸಣ್ಣಸ್ವಾಮಿ ಬಾಯಿ ಬಿಟ್ಟುಕೊಂಡು ನೋಡಿದ. "ನಿಂಗೆಂಗೆ ಗೊತ್ತಾಯ್ತು?"

"ವಾಸ್ನೆ ಬಂತು. ಎರಡು ತಿಂಗ್ಳಿಂದ ಮೂಗು ಸತ್ತೋಗಿತ್ತು. ಇವತ್ತು ಘಂ ಅಂತ ಬಂತು. ಯಾರ ಮನೇಲಪ್ಪ ಮದ್ವೆ ಅಂದ್ಕೊಂಡೆ."

"ಕೂಗಿ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಒಲೆ ಮುಂದೆ ಕುತ್ಕೊಂಡು ಅಳ್ತಿದ್ದೆ ನೀನು. ಏನಾದ್ರೂ ಮಾಡ್ತಾನೆ ಬುಡು ಅಂತ ಸುಮ್ನಿದ್ದೆ."

ಅವನು ತಟ್ಟೆಯ ಕಡೆ ನೋಡಿದ. ಮೂವತ್ತೊಂದು ವರ್ಷದ ಅಭ್ಯಾಸಕ್ಕೆ ಕೇಳಿದ: "ಉಪ್ಪು?"

"ನಂಗೆಲ್ಲಿ ತಿಳೀತೈತೆ ಈಗ. ನೀನ್ ನೋಡ್ದ್ಯಾ?"

"ನೋಡ್ದೆ."

"ನೀನಾ!" ರಂಗಮ್ಮ ಚಮಚ ಕೆಳಗಿಟ್ಟು ನಕ್ಕಳು. ನಕ್ಕದ್ದಕ್ಕೆ ಕೆನ್ನೆ ಎಳೆದು ಕೈಯಿಂದ ಹಿಡಿದುಕೊಂಡಳು. "ಹೆಂಗಿತ್ತು?"

"ಒಂದ್ ಕಲ್ಲು ಕಮ್ಮಿ."

"ಹಂಗಾರೆ ನಾಳೆ ಒಂದ್ ಕಲ್ಲು ಜಾಸ್ತಿ ಹಾಕು."

ಮಂಗಳವಾರ ಅದೇ ಅಡುಗೆ, ಬುಧವಾರವೂ ಅದೇ. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಗುರುವಾರ ಆಸ್ಪತ್ರೆಯಲ್ಲಿ ಅವಳು ತೂಕದ ಮಿಷಿನ್ನಿನ ಮೇಲೆ ನಿಂತಾಗ ಸಣ್ಣಸ್ವಾಮಿ ಮುಳ್ಳು ನೋಡಲಾರದೆ ಕಾರಿಡಾರಿಗೆ ಹೋಗಿ ನಿಂತಿದ್ದ. ನಲವತ್ತು ಕಿಲೋ ಇನ್ನೂರು ಗ್ರಾಂ. ಪೈಪು ಈಗ ಬೇಡ, ಇನ್ನೊಂದು ವಾರ ನೋಡೋಣ ಅಂದರು. ಆ ವಾರ ಕಳೆಯಿತು, ಮುಂದಿನದೂ ಕಳೆಯಿತು. ಪೈಪು ಹಾಕಲೇ ಇಲ್ಲ.

ಈಗಲೂ ಅವನಿಗೆ ನೆಮ್ಮದಿ ಅಂತ ಇಲ್ಲ. ಪ್ರತಿ ಗುರುವಾರದ ಹಿಂದಿನ ದಿನ ತೊಳೆದ ಪಾತ್ರೆಯನ್ನೇ ತೊಳೆಯುತ್ತಾನೆ. ಮದುವೆ ಅಡುಗೆ ಮತ್ತೆ ಹಿಡಿದಿದ್ದಾನೆ, ಹತ್ತಿರದ್ದು ಮಾತ್ರ.

ನೀವು ಮಡಿಕೇರಿ ರಸ್ತೆಯಲ್ಲಿ ಹೋಗುವವರಾದರೆ ಸುಂಟಿಕೊಪ್ಪದಲ್ಲಿ ಇಳಿದು, ಅಡುಗೆ ಸಣ್ಣಸ್ವಾಮಿ ಮನೆ ಎಲ್ಲಿ ಅಂತ ಯಾವ ಅಂಗಡಿಯಲ್ಲಾದರೂ ಕೇಳಿ. ತೋರಿಸುತ್ತಾರೆ. ಹಂದಿ ಕರಿ ಕೇಳಬೇಡಿ, ಬಿಳೀದು ಕೇಳಿ. ಮಾಡಿಕೊಡುತ್ತಾನೆ. ತಿಂದು ಚೆನ್ನಾಗಿದೆ ಅಂತ ಸುಮ್ಮನೆ ಹೇಳಿ ಎದ್ದು ಬರಬೇಡಿ. ರಂಗಮ್ಮನ ನಾಲಿಗೆಗೆ ಉಪ್ಪಿನ ರುಚಿ ಇನ್ನೂ ಪೂರ್ತಿ ತಿರುಗಿಲ್ಲ. ಉಪ್ಪು ಎಷ್ಟಿದೆ ಅಂತ ಇಬ್ಬರಿಗೂ ಸರಿಯಾಗಿ ಹೇಳಿ ಬನ್ನಿ.