ಮಂಗಳವಾರ ಹೊರಟ ಬುಧವಾರದ ರೈಲು

ಐವತ್ತೆಂಟನೇ ಇಸವಿಯ ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ನಮ್ಮ ಕುಂಬಾರಕೊಪ್ಪಲಿನ ಮನೆಗೆ ಜರ್ಮನಿಯಿಂದ ತಂತಿ ಬಂತು. ಅಲ್ಲಿ ಕಾರ್ಖಾನೆ ಕೆಲಸ ಕಲಿಯಲು ಹೋಗಿದ್ದ ಅಳಿಯನ ತೊಡೆಯ ಮೂಳೆ ಮುರಿದಿತ್ತು. ಒಂದು ಆಪರೇಷನ್ ಆಗಿಯೂ ಅದು ಕೂಡಲಿಲ್ಲ, ಇನ್ನೊಂದು ಆಗಬೇಕಿತ್ತು. "ಸರೋಜಳನ್ನು ಕಳಿಸಿಕೊಡಿ" ಎಂದು ಅಳಿಯಂದಿರು ಆಸ್ಪತ್ರೆಯಿಂದಲೇ ಬರೆದರು. ನಮ್ಮ ಮಗಳು ಸರೋಜ ಬೆಂಗಳೂರನ್ನೇ ಎರಡು ಸಲ ಕಂಡವಳು. ಕಂಕುಳಲ್ಲಿ ಒಂದೂವರೆ ವರ್ಷದ ಕೂಸು ಬೇರೆ.

ಪಾಸ್‌ಪೋರ್ಟು ಬಂತು, ಹಡಗಿನ ಟಿಕೆಟ್ಟೂ ಸಿಕ್ಕಿತು. ಕಷ್ಟವಾದದ್ದು ಆಮೇಲಿನ ರೈಲಿನದು. ಇಟಲಿಯ ಜಿನೋವಾ ಬಂದರಿನಿಂದ ಜರ್ಮನಿಗೆ ಹೋಗುವ ರೈಲಿಗೆ ಮೈಸೂರಿನಲ್ಲಿ ಯಾರನ್ನು ಕೇಳುವುದು? ಕೊನೆಗೆ ನಮ್ಮ ಬೀದಿಯ ಮೇಷ್ಟ್ರು ಬೊಂಬಾಯಿಯ ಏಜೆಂಟರೊಬ್ಬರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದುಕೊಟ್ಟರು. ಅವರು ಮೂರು ರೈಲುಗಳ ಹೊತ್ತು ತಿಳಿಸಿ, ಯಾವುದು ಬೇಕೆಂದು ಕೇಳಿದರು.

ಆರಿಸಿದವಳು ನಾನೇ. ಹಡಗು ಜಿನೋವಾ ಸೇರುವುದು ಮಂಗಳವಾರ ಮಧ್ಯಾಹ್ನ. ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಪಟ್ಟಿಯಲ್ಲಿ ಬುಧವಾರದ್ದೊಂದು ರೈಲಿತ್ತು. ರಾತ್ರಿ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ. ಅದನ್ನೇ ಮಾಡಿಸಿದೆವು. "ಮಂಗಳವಾರ ಹಡಗಿನವರ ವಸತಿಯಲ್ಲಿ ಮಲಗು. ಬುಧವಾರ ರಾತ್ರಿ ಊಟ ಮಾಡಿಕೊಂಡು ಸ್ಟೇಷನ್ನಿಗೆ ಹೋಗು" ಎಂದು ನನ್ನ ಕೈಯಾರೆ ಬರೆದು ಅವಳ ಪೆಟ್ಟಿಗೆಯಲ್ಲಿಟ್ಟೆ. ಅಳಿಯನ ಸ್ನೇಹಿತರೊಬ್ಬರು ಆ ಒಂದು ರೈಲಿಗೆ ಎದುರುಗೊಳ್ಳಲು ಬರುವವರಿದ್ದರು. ಅದು ತಪ್ಪಿದರೆ, ಅವಳ ಮಾತು ತಿಳಿಯುವ ಒಂದು ನರಪಿಳ್ಳೆಯೂ ಅಲ್ಲಿಲ್ಲ.

ಹಡಗು ಹೊರಟ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎಸರಿಟ್ಟು ಅಕ್ಕಿ ಹಾಕುವುದನ್ನೇ ಮರೆಯುತ್ತಿದ್ದೆ. ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದೆ.

"ಒಂದ್ ಕಡೆ ಕೂತ್ಕೊಳ್ಳೇ! ನಿನ್ ನೋಡ್ತಿದ್ರೆ ನಾನೇ ಹಡಗಲ್ಲಿ ಇದ್ದಂಗೆ ತಲೆ ತಿರುಗ್ತದೆ" ಎಂದರು ಯಜಮಾನರು.

ಹಡಗು ಸೇರುವ ಹಿಂದಿನ ದಿನ ಸೋಮವಾರ. ಬೆಳಗಿನ ರೈಲಿಗೆ ಇಬ್ಬರೂ ನಂಜನಗೂಡಿಗೆ ಹೋದೆವು. ಸಂಕಲ್ಪಕ್ಕೆ ಮಗಳ ಹೆಸರು, ನಕ್ಷತ್ರ ಕೇಳಿದ ಅರ್ಚಕರು, "ರೈಲು ಹತ್ತೋದು ಯಾವತ್ತಮ್ಮ?" ಎಂದರು.

"ಬುಧವಾರ ರಾತ್ರಿ ಸ್ವಾಮಿ, ಹನ್ನೆರಡೂ ನಲವತ್ತಕ್ಕೆ."

ಪಕ್ಕದಲ್ಲಿ ಹಣ್ಣುಕಾಯಿ ಹಿಡಿದು ನಿಂತಿದ್ದ ರೈಲ್ವೆ ಗಾರ್ಡೊಬ್ಬರು ಥಟ್ಟನೆ ತಿರುಗಿದರು. "ಟಿಕೆಟ್ಟಲ್ಲಿ ಬುಧವಾರ ಅಂತ ಐತಾ? ಹಂಗಾದ್ರೆ ಅದು ನಾಳೆ ರಾತ್ರಿ ಗಾಡಿ ಕಣಮ್ಮ. ರೈಲ್ವೆಯವ್ರಿಗೆ ರಾತ್ರಿ ಹನ್ನೆರಡು ಹೊಡೆದ್ರೆ ಮಾರನೇ ದಿನ ಆಗ್ಬುಡ್ತದೆ."

ನಮಗೆ ಸೂರ್ಯ ಹುಟ್ಟಿದರೆ ತಾನೇ ದಿನ? "ಅಯ್ಯೋ, ಮಗಳನ್ನ ನಾನೇ ಬೀದಿಪಾಲು ಮಾಡ್ಬುಟ್ನಲ್ರೀ!" ಎಂದು ಅಲ್ಲೇ ಕುಸಿದೆ. ಅಂಥ ಹೊತ್ತಿನಲ್ಲೂ, "ಆದ್ರೂ ಮಂಗಳವಾರ..." ಎಂಬ ಮಾತು ಬಾಯಿಂದ ಬಂದೇ ಬಂತು.

ಅರ್ಚಕರು ಗದರಿದರು: "ವಿಷವನ್ನೇ ಕುಡಿದವನು ಕಣಮ್ಮ ಇವನು. ನಿಮ್ಮದೊಂದು ಮಂಗಳವಾರ ಅರಗಿಸ್ಕೊಳ್ಳಲ್ವೇ? ಏಳಿ, ಮೊದಲು ತಂತಿ ಕೊಡಿ!"

"ಮೈಸೂರಿಗೆ ಹೋಗೋದು ನಂದೇ ಗಾಡಿ. ಬೇಗ ಬನ್ನಿ" ಎಂದರು ಗಾರ್ಡ್ ಸಾಹೇಬರು. ಅರ್ಚನೆ ಅರ್ಧಕ್ಕೇ ನಿಂತಿತು. ಗಾಡಿ ಬಿಡುವ ಮುಂಚೆ ಅವರೇ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಇಂಗ್ಲಿಷಿನಲ್ಲಿ ತಂತಿ ಬರೆದುಕೊಟ್ಟರು: ಸರೋಜ ಮಂಗಳವಾರ ರಾತ್ರಿಯೇ ಸ್ಟೇಷನ್ನಿಗೆ ಹೋಗಲಿ ಎಂದು, ಜಿನೋವಾದ ಹಡಗಿನ ಕಚೇರಿಗೆ. ಮೈಸೂರಿನ ತಂತಿ ಆಫೀಸಿನ ಗುಮಾಸ್ತರು, "ಕಳಿಸ್ತೀವಿ ಕಣ್ರೀ. ನಾಳೆಗೆ ಅವರ ಕೈ ಸೇರುತ್ತೆ ಅಂತ ಮಾತ್ರ ಹೇಳಕ್ಕಾಗಲ್ಲ" ಎಂದರು.

ಮಂಗಳವಾರ ಕಳೆಯಿತು, ಬುಧವಾರ, ಗುರುವಾರವೂ ಕಳೆದವು. ಸೈಕಲ್ ಗಂಟೆ ಕೇಳಿದಾಗಲೆಲ್ಲ ಬೀದಿಗೆ ಓಡಿದೆ. "ನಂಜುಂಡಾ, ತಪ್ಪು ನನ್ನದು, ಅವಳದಲ್ಲ" ಎನ್ನುವುದಕ್ಕಿಂತ ಬೇರೆ ಪ್ರಾರ್ಥನೆ ನನಗೆ ಹೊಳೆಯಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ತಂತಿಯವನು ಬಂದ. ಮೇಷ್ಟ್ರು ಓದಿದರು: "ನಾನು, ಮಗು ಸುಖವಾಗಿ ಸೇರಿದೆವು. ಅವರ ಪಕ್ಕದಲ್ಲಿದ್ದೇನೆ. ಸರೋಜ." ಯಜಮಾನರು ಮುಖ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದರು. ಆಮೇಲೆ ಬಂದ ಕಾಗದದಿಂದ ತಿಳಿಯಿತು: ಮಂಗಳವಾರ ರಾತ್ರಿ ವಸತಿಯಲ್ಲಿ ಅವಳು ಹಾಸಿಗೆ ಬಿಡಿಸಿ ಮಗುವನ್ನು ಮಲಗಿಸುತ್ತಿದ್ದಾಗಲೇ ಹಡಗಿನ ಕಚೇರಿಯವನು ಅವಳ ಹೆಸರು ಕೂಗುತ್ತಾ ಬಂದು, ಸ್ಟೇಷನ್ನಿಗೂ ತಾನೇ ಕರೆದೊಯ್ದನಂತೆ.

ಬಂಧುಗಳೇ, ಸಂಕಲ್ಪದಲ್ಲಿ ವಾರ ಹೇಳಬೇಕಾಗಿ ಬಂದಿರದಿದ್ದರೆ ನನ್ನ ತಪ್ಪು ನನಗೆ ಗೊತ್ತೇ ಆಗುತ್ತಿರಲಿಲ್ಲ. ಅರ್ಚಕರ ಬಾಯಿಂದ ಅದನ್ನು ಕೇಳಿಸಿದವನು, ಗಾರ್ಡರ ಕಿವಿಯಿಂದ ಕೇಳಿಸಿಕೊಂಡವನು ಇಬ್ಬರೂ ಆ ನಂಜುಂಡನೇ ಎಂದು ನಾನು ನಂಬಿದ್ದೇನೆ.

ಮುಂದಿನ ಸೋಮವಾರ ಮತ್ತೆ ಹೋದೆವು. "ಇವತ್ತು ಏನಂತ ಸಂಕಲ್ಪ ಮಾಡ್ಲಮ್ಮ?" ಎಂದು ಅರ್ಚಕರು ಕೇಳಿದರು.

"ಏನೂ ಕೇಳೋದಿಲ್ಲ ಸ್ವಾಮಿ. ಸುಮ್ನೆ ನೋಡಕ್ಕೆ ಬಂದವ್ರೆ ಅಂತ ಹೇಳ್ಬುಡಿ" ಎಂದೆ.