ಇಬ್ಬರು ಗೆದ್ದ ಕಪ್

ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೆ ನೆನಪಿರಬಹುದು, ಆಗೆಲ್ಲ ಬೇಸಿಗೆ ರಜೆ ಅಂದರೆ ನಮಗೆ ಫುಟ್‌ಬಾಲ್. ನೀಲಗಿರಿ ಎಲೆಯ ಘಾಟು, ಬಾಯಲ್ಲಿ ಉಪ್ಪು ಖಾರ ಸವರಿದ ಮಾವಿನಕಾಯಿ, ಮಂಡಿಯ ತುಂಬ ಕೆಮ್ಮಣ್ಣು.

ಮಕ್ಕಳ ಪಂದ್ಯಾವಳಿ ನಡೆಸುತ್ತಿದ್ದವರು ನಮ್ಮಪ್ಪ. ರಾಷ್ಟ್ರೀಯ ನಾಕೌಟ್ ಕಪ್ ಅಂದರೆ ಅವರಿಗೆ ಪ್ರಾಣ. "ಒಂದ್ಸಲ ಸೋತ್ರೆ ಗಂಟುಮೂಟೆ ಕಟ್ಕೊಂಡು ಮನೆಗೆ ಹೋಗ್ಬೇಕು. ಲೀಗ್ ಥರ ಮುಂದಿನ ವಾರ ನೋಡ್ಕೊಳ್ಳೋಣ ಅನ್ನೋ ಹಂಗಿಲ್ಲ," ಎನ್ನುತ್ತಿದ್ದರು. ಹಿಂದೆ ಫೈನಲ್ ಸಮವಾದರೆ ಇನ್ನೊಂದು ದಿನ ಆಡಿಸುತ್ತಿದ್ದರಂತೆ. ಆಗಲೂ ಸಮವಾದರೆ ಇಬ್ಬರೂ ಗೆದ್ದಂತೆ, ಕಪ್ ಆರಾರು ತಿಂಗಳು ಒಬ್ಬೊಬ್ಬರ ಹತ್ತಿರ. ಪೆನಾಲ್ಟಿ ಒದ್ದು ಗೆಲ್ಲುವುದು ಅಪ್ಪನ ಪ್ರಕಾರ ಬರೀ ಜೂಜು. ನಮ್ಮ ಪಂದ್ಯಾವಳಿಗೂ ಅವರು ಆ ಹಳೇ ನಿಯಮವನ್ನೇ ಇಟ್ಟಿದ್ದರು.

ಆ ವರ್ಷ ಫೈನಲ್‌ಗೆ ಬಂದವರು ನಮ್ಮ ಕ್ವಾರ್ಟರ್ಸ್ ಹುಡುಗರು ಮತ್ತು ಪಕ್ಕದ ಹಳ್ಳಿಯವರು. ನಮ್ಮ ಕ್ಯಾಪ್ಟನ್ ನನ್ನಣ್ಣ. ಅವರ ಕ್ಯಾಪ್ಟನ್ ಮುನಿರಾಜು, ಬರಿಗಾಲಲ್ಲೇ ಆಡುತ್ತಿದ್ದ. ಎರಡು ಸಂಜೆ ಆಡಿದರೂ ಸಮ. ಮೊದಲ ಸರದಿ ನಮಗೆ ಬಂತು, ಕಪ್ ನಮ್ಮ ಮನೆಯ ಟಿವಿ ಮೇಲೆ ಕೂತಿತು.

ಅಪ್ಪ ಅದನ್ನು ಯಶವಂತಪುರಕ್ಕೆ ಒಯ್ದು ಹೆಸರು ಕೆತ್ತಿಸಿ ತಂದರು. ನಮ್ಮ ಟೀಮಿನದು ಮಾತ್ರ.

"ಆ ಹುಡುಗ್ರದ್ದೂ ಹಾಕಿಸ್ಬೇಕಿತ್ತು ಕಣ್ರೀ," ಎಂದಳು ಅಮ್ಮ.

"ಜಾಗ ಇರ್ಲಿಲ್ಲ ಬಿಡೇ."

ಜಾಗ ಬೇಕಾದಷ್ಟಿತ್ತು. ನನಗೇ ಕಾಣುತ್ತಿತ್ತು.

ಆರು ತಿಂಗಳು ಕಳೆದ ಮೇಲೆ ಮುನಿರಾಜು ಅಜ್ಜಿಯ ಜೊತೆ ಬಂದ. ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದ. ಕಪ್ ಸುತ್ತಿಕೊಂಡು ಹೋಗಲು ಅಜ್ಜಿ ಒಗೆದ ಟವೆಲ್ ತಂದಿದ್ದಳು, ನಮಗೆಂದು ಒಂದು ಚೀಲ ಅವರೆಕಾಯಿ.

"ಸೊಗಡವರೆ ಕಣವ್ವಾ, ನಮ್ ಒಲದ್ದೇ," ಎಂದು ಅಮ್ಮನ ಕೈಗೆ ಕೊಟ್ಟಳು. ಆಮೇಲೆ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿ ನನ್ನ ಕಡೆ ತಿರುಗಿದಳು. "ನಂಗೆ ಓದಕ್ಕೆ ಬರಲ್ಲ ಮಗಾ. ನಮ್ ಐಕ್ಳ ಎಸ್ರು ಎಲ್ಲೈತೆ, ವಸಿ ತೋರ್ಸವ್ವ."

ನಾನು ಅಪ್ಪನ ಮುಖ ನೋಡಿದೆ. ಆ ಚಳಿಯಲ್ಲಿ ಅಪ್ಪ ಎದ್ದು ಫ್ಯಾನ್ ಹಾಕಿದರು.

ಮುನಿರಾಜು ಬಗ್ಗಿ ಓದಿದ. ಓದಿ, ಅಜ್ಜಿಯ ಬೆರಳು ಹಿಡಿದು ನಮ್ಮ ಟೀಮಿನ ಹೆಸರಿನ ಮೇಲಿಟ್ಟ.

"ಇಲ್ಲೈತೆ ನೋಡಜ್ಜಿ. ಇದೇ ನಮ್ದು."

ಅಜ್ಜಿ ಕಪ್ಪನ್ನು ಕಣ್ಣಿಗೊತ್ತಿಕೊಂಡಳು. "ನಿಮ್ ಒಟ್ಟೆ ತಣ್ಣಗಿರ್ಲಿ ಸ್ವಾಮಿ," ಎಂದು ಅಪ್ಪನಿಗೆ ಕೈಮುಗಿದಳು. ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪನ ಮಗಳು ಅನ್ನಿಸಿಕೊಳ್ಳುವುದಕ್ಕೇ ನಾಚಿಕೆಯಾಯಿತು. ಹೋಗುವಾಗ ಮುನಿರಾಜು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಮುಂದಿನ ಬೇಸಿಗೆ ಹಳ್ಳಿಯವರು ಟೀಮು ಕಟ್ಟಲಿಲ್ಲ. ಯಾಕೆಂದು ಅಪ್ಪ ವಿಚಾರಿಸಲೂ ಇಲ್ಲ.

ಈಗ ಫೈನಲ್ ಸಮವಾದರೆ ಪೆನಾಲ್ಟಿ. ಅಲ್ಲೇ ಒಬ್ಬರು ಕುಣಿಯುತ್ತಾರೆ, ಒಬ್ಬರು ಅಳುತ್ತಾರೆ. ಟಿವಿ ಮುಂದೆ ಕೂತ ಮಗನಿಗೆ ಹಿಂದಿನ ಆರಾರು ತಿಂಗಳ ನಿಯಮ ಹೇಳಿದೆ.

"ಎಷ್ಟ್ ಚೆನ್ನಾಗಿತ್ತಲ್ಲಮ್ಮಾ! ಯಾಕ್ ಬಿಟ್ಬಿಟ್ರು?"

ಬೇರೆಯವರು ಯಾಕೆ ಬಿಟ್ಟರೋ ನನಗೆ ಗೊತ್ತಿಲ್ಲ. ನಮಗಂತೂ ಅದರ ಯೋಗ್ಯತೆ ಇರಲಿಲ್ಲ.