ಪುಂಡರ ಪಟ್ಟಿ ನಂಬಿದ ಟಪಾಲಪ್ಪ

ಸೋಮವಾರ ಬೆಳಿಗ್ಗೆ ನಿವೃತ್ತ ಹೆಡ್‌ಮಿಸ್ ಒಬ್ಬರು ಏದುಸಿರು ಬಿಡುತ್ತ ಲಿಫ್ಟ್ ರಿಪೇರಿ ಕಂಪನಿಗೆ ಬಂದು, ಯಜಮಾನಿಯ ಮೇಜಿನ ಮೇಲೆ ಒಂದು ಕಾಗದ ಇಟ್ಟರು. ಏಳನೇ ಮಹಡಿಯ ಅವರ ಮನೆಗೆ ನಾಲ್ಕು ದಿನದಿಂದ ಲಿಫ್ಟ್ ಇರಲಿಲ್ಲ. ದೂರಿನ ಮೇಲ್ ಕಳಿಸಿದರೆ ಬಂದ ಉತ್ತರ: "ನೀವು ಪುಂಡರ ಪಟ್ಟಿಯಲ್ಲಿದ್ದೀರಿ. ಬಾಗಿಲು ತೆರೆಯುವುದಿಲ್ಲ."

"ಮೂವತ್ತೆರಡು ವರ್ಷ ಮಕ್ಕಳನ್ನ ಮೂಲೇಲಿ ನಿಲ್ಲಿಸಿದ್ದೀನಿ ಕಣಮ್ಮ. ನನ್ನನ್ನ ನಿಲ್ಲಿಸಿದ್ದು ನೀವೇ ಮೊದಲು," ಎಂದರು.

ಆ ಮೇಲ್ ಉತ್ತರದ ಕರ್ತೃ ಮೂಲೆಯಲ್ಲೇ ಕೂತಿದ್ದ. ಆಫೀಸಿನ ಮೇಲ್ ಸರ್ವರ್ ನೋಡಿಕೊಳ್ಳುವ ಅವನು ಎಲ್ಲರ ಬಾಯಲ್ಲಿ ಟಪಾಲಪ್ಪ.

ಕಸದ ಮೇಲ್ ತಡೆಯಲು ಅವನು ಹನ್ನೊಂದು ವರ್ಷದ ಹಿಂದೆ ಸರ್ವರಿಗೆ ಒಂದೇ ಒಂದು ಸಾಲು ಬರೆದಿದ್ದ. ಮೇಲ್ ಬಾಗಿಲಿಗೆ ಬಂದ ಕೂಡಲೇ ಸರ್ವರ್ ಅದನ್ನು ಕಳಿಸಿದ ಯಂತ್ರದ ನಂಬರನ್ನು ಹಿಂದುಮುಂದಾಗಿ ತಿರುಗಿಸಿ, ಕಸ ಕಳಿಸುವ ಪುಂಡರ ಪಟ್ಟಿ ಇಟ್ಟಿದ್ದ ದೂರದ ಸಂಸ್ಥೆಯೊಂದನ್ನು ಕೇಳುತ್ತಿತ್ತು: ಇವನು ನಿಮ್ಮಲ್ಲಿದ್ದಾನೆಯೇ? ಹೌದೆಂದರೆ ಬಾಗಿಲು ಬಂದ್. ಇನ್ನೊಂದು ಪಟ್ಟಿಯನ್ನೂ ಕೇಳಿ ನೋಡು ಎಂದವರಿಗೆ ಟಪಾಲಪ್ಪ ಮುಖ ಗಂಟಿಕ್ಕುತ್ತಿದ್ದ. ಪಟ್ಟಿಯ ವಿಷಯದಲ್ಲಿ ಅವನದು ಒಂದೇ ಪಟ್ಟು.

"ಸಂಜೆ ಒಳಗೆ ಕಾರಣ ಹೇಳಿ," ಎಂದರು ಯಜಮಾನಿ. "ಇಲ್ಲಾಂದ್ರೆ ಮೇಲ್ ಕೆಲಸ ಹೊರಗಿನವರಿಗೆ. ನೀವು ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸ್ಕೊಂಡಿರಿ."

ಟಪಾಲಪ್ಪ ಪಟ್ಟಿಯನ್ನೇ ವಿಚಾರಣೆಗೆ ಕರೆದ. ಹೆಡ್‌ಮಿಸ್ ಪುಂಡರೇ? ಹೌದು. ಬಾಯಿಗೆ ಬಂದ ನಂಬರೊಂದು? ಹೌದು. ಪ್ರತಿ ಯಂತ್ರವೂ ತನ್ನನ್ನು ತಾನೇ ಕರೆದುಕೊಳ್ಳುವ, ಯಾವ ಪಟ್ಟಿಯಲ್ಲೂ ಇರಕೂಡದ ನಂಬರು? ಅದೂ ಹೌದು. ಹುಡುಕಿದಾಗ ತಿಳಿಯಿತು: ಸಂಸ್ಥೆ ಕಳೆದ ವಾರವೇ ಮುಚ್ಚಿತ್ತು. ಆಮೇಲೂ ಕೇಳುವುದನ್ನು ಬಿಡದವರಿಗೆ ಬುದ್ಧಿ ಬರಲೆಂದು, ಯಾರ ಬಗ್ಗೆ ಕೇಳಿದರೂ ಹೌದು ಅನ್ನುವಂತೆ ಮಾಡಿ ಹೋಗಿದ್ದರು.

ಊಟದ ಡಬ್ಬಿ ಮುಚ್ಚಿಟ್ಟು ಹೆಂಡತಿಗೆ ಫೋನ್ ಮಾಡಿದ.

"ಹನ್ನೊಂದು ವರ್ಷ ಕಣೇ. ಕಣ್ಣು ಮುಚ್ಕೊಂಡು ನಂಬಿದ್ದೆ. ಹೋಗೋವಾಗ ಒಂದು ಮಾತು ಹೇಳಬಾರದಾ?"

"ನಾನು ತರಕಾರಿ ತಾಜಾ ಇದೆ ಅಂದ್ರೂ ಮೂಸಿ ನೋಡ್ತೀರಿ. ಮುಖ ನೋಡದೋರನ್ನ ಮಾತ್ರ ನಂಬ್ತೀರಿ. ಮೊದಲು ಊಟ ಮಾಡಿ."

ಡಬ್ಬಿ ಪಕ್ಕಕ್ಕೆ ಸರಿಸಿ, ತಾನೇ ಬರೆದ ಸಾಲನ್ನು ಅಳಿಸಿದ. ಹೆಡ್‌ಮಿಸ್ ಮತ್ತೆ ಕಳಿಸಿದ ದೂರು ಐದೇ ನಿಮಿಷದಲ್ಲಿ ಒಳಗೆ ಬಂತು. ಆದರೂ ಸಿಟ್ಟು ಇಳಿಯಲಿಲ್ಲ. ದ್ರೋಹಕ್ಕೆ ಸಾಕ್ಷಿ ಬೇಕೆಂದು ಸರ್ವರಿನ ಹಳೆಯ ದಾಖಲೆಗಳನ್ನೆಲ್ಲ ತೆಗೆದು, ಎರಡು ತಿಂಗಳ ಸಾಲುಗಳನ್ನು ಬೆರಳಿಟ್ಟು ಓದುತ್ತ ಹೋದ. ಮೂರು ಕಡೆ ಬೆರಳು ನಿಂತಿತು. ಆಮೇಲೆ ಅವನು ಯಾರನ್ನೂ ಬೈಯಲಿಲ್ಲ.

ಸಂಜೆ ಯಜಮಾನಿ ಎಲ್ಲ ಕೇಳಿ ಮೆತ್ತಗಾದರು. "ಪಾಪ, ನಿಮ್ಮದೇನು ತಪ್ಪು? ಕೆಲಸ ನಿಮ್ಮ ಹತ್ರಾನೇ ಇರಲಿ. ಅವರಿಗೆ ನಾನೇ ಖಾರವಾಗಿ ಬರೀತೀನಿ. ಹೇಳದೆ ಕೇಳದೆ ಮುಚ್ಚಿಬಿಟ್ರಾ?"

ಟಪಾಲಪ್ಪ ಚಪ್ಪಲಿಯ ತುದಿ ನೋಡಿಕೊಂಡ.

"ಹೇಳಿದ್ರು ಮೇಡಂ, ಮೂರು ಸಲ. ಆ ಮೇಲ್ ಕಳಿಸಿದ ಯಂತ್ರ ಅವರದೇ ಪಟ್ಟೀಲಿತ್ತು. ನಾನು ಬಾಗಿಲು ತೆಗೀಲಿಲ್ಲ."